ಅಮ್ಮ ಮುಟ್ಟಿ ಬಿಟ್ಟ ಜೀವಗಳು

"ಬೆರಳು ಬೆರಳು ಬಿಡಿಸಿ ತೊಳ್ದಿವ್ನಿ ಕಣಪ್ಪ. ಕಂಕಳು, ಕಿವಿ ಸಂದಿ, ಉಡಿದಾರದ ಕೆಳಗೆ, ಎಲ್ಲಾ ನೋಡಿವ್ನಿ. ಒಂದೇ ಒಂದು ಉಣ್ಣೆ ಕಚ್ಚಿದ ಗುರ್ತು ಇದ್ದಿಲ್ಲ."

ಪಾಪಕ್ಕ ಅಷ್ಟು ಹೇಳಿ ಒರಳಿನಲ್ಲಿದ್ದ ಒಣಮೆಣಸಿನಕಾಯಿಯನ್ನು ಮತ್ತೆ ಕುಟ್ಟತೊಡಗಿದಳು. ಘಾಟಿಗೆ ಇನ್ಸ್‌ಪೆಕ್ಟರ್ ಆದಿನಾರಾಯಣನ ಕಣ್ಣಲ್ಲಿ ನೀರು ಬಂತು. ಅವನು ಮುಖ ತಿರುಗಿಸಲಿಲ್ಲ.

"ಸರಿಯಾಗಿ ಜ್ಞಾಪಿಸ್ಕೊಳಮ್ಮ. ನಾಯಿ ಉಣ್ಣೆ ಕಚ್ಚಿದ ಕಡೆ ಕರೀ ಹಕ್ಕಳೆ ಕಟ್ಟತ್ತೆ. ಎಳ್ಳಿನಷ್ಟಿದ್ರೂ ಸಾಕು."

"ನನ್ನ ಕಣ್ಣಿಗೇನು ಬಂದೈತೆ? ನೀನೇ ಅಲ್ವಾ, ಗಣಿ ಬಾಕಲಾಗೆ ನನ್ನ ಗಂಡನ ಬಾಯೊಳಕ್ಕೆ ಬೆಟ್ಟು ಇಕ್ಕಿ ಬಂಗಾರ ಹುಡುಕ್ದೋನು? ಏನು ಸಿಕ್ತು ಆವತ್ತು? ಎಲೆಅಡಿಕೆ!"

ಸಾಲುಮನೆಗಳ ಬಾಗಿಲುಗಳಲ್ಲಿ ನಿಂತಿದ್ದ ಹೆಂಗಸರು ನಕ್ಕರು. ಚಾಂಪಿಯನ್ ರೀಫ್ಸಿನ ಆ ಲೈನಿನಲ್ಲಿ ನಾಲ್ಕು ದಿನಗಳ ನಂತರ ಕೇಳಿಬಂದ ಮೊದಲ ನಗು ಅದು. ಬೇಗ ನಿಂತೂ ಹೋಯಿತು.

ಪಾಪಕ್ಕನ ತಂಗಿಯ ಮಗ ಕುಪ್ಪುಸ್ವಾಮಿ, ಬಂಗಾರಪೇಟೆಯ ಜ್ವರ ಸಂಶೋಧನಾ ಕೇಂದ್ರದಲ್ಲಿ ಲಸಿಕೆ ತಯಾರಿಸುವ ಮೊಟ್ಟೆ ಕೋಣೆಯ ಆಳು, ಹತ್ತು ದಿನ ಜ್ವರದಲ್ಲಿ ಬೆಂದು ಗುರುವಾರ ಸತ್ತಿದ್ದ. ಸರ್ಟಿಫಿಕೇಟಿನಲ್ಲಿ ಟೈಫಾಯಿಡ್ ಎಂದಿತ್ತು. ಆದರೆ ಅವನ ಅಂಗೈಯಲ್ಲಿ, ಅಂಗಾಲಿನಲ್ಲಿ ಕೆಂಪು ಚುಕ್ಕೆಗಳಿದ್ದವು. ಟೈಫಾಯಿಡ್ ಅಲ್ಲಿಗೆ ಇಳಿಯುವುದಿಲ್ಲವೆಂದು ಆದಿನಾರಾಯಣನಿಗೆ ಎರಡು ದಿನದ ಹಿಂದಷ್ಟೇ ತಿಳಿದಿತ್ತು.

"ಒಂದು ಗುರ್ತು ಇತ್ತು," ಎಂದಳು ಪಾಪಕ್ಕ. ಒನಕೆ ನಿಂತಿತ್ತು. "ಆದ್ರೆ ಅದು ಉಣ್ಣೆದಲ್ಲ."

"ಎಲ್ಲಿ?"

ಅವಳು ಕಾರದ ಕೈಯಿಂದ ತನ್ನದೇ ಎಡತೋಳನ್ನು ಮುಟ್ಟಿಕೊಂಡಳು, ಭುಜಕ್ಕಿಂತ ಸ್ವಲ್ಪ ಕೆಳಗೆ.

"ಸೂಜಿ ಆಕಿದ್ರಲ್ಲ, ಅಲ್ಲಿ. ಬೀಡಿ ಒತ್ತಿ ಆರಿಸ್ದಂಗೆ ಕರ್ರಗೆ. ಸುತ್ತ ಕೆಂಪು. ಅರಿಶಿನ ಅಚ್ಚಿದ್ರೂ ಮುಚ್ಚಲಿಲ್ಲ."

ಲೈನಿನ ನಾಯಿಯೊಂದು ಗೋಡೆಗೆ ಮೈ ಉಜ್ಜಿಕೊಳ್ಳುತ್ತ ಹೋಯಿತು. ಅದರ ಕಿವಿಯ ಒಳಗೆ ಬೂದುಬಣ್ಣದ ಉಣ್ಣೆಗಳು ಹುರಿಗಡಲೆಯ ಹಾಗೆ ಸಾಲುಗಟ್ಟಿದ್ದವು.

ಪಾಪಕ್ಕ ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ತೆಗೆದಳು. ಮೂವತ್ತೊಂದು ಎಂದು ನೀಲಿ ಶಾಯಿಯಲ್ಲಿ ಬರೆದಿತ್ತು.

"ಇವತ್ತು ನಾಲ್ಕು ಗಂಟೆಗೆ ಆಸ್ಪತ್ರೆ ತಾವ ನಮಗೆಲ್ಲ ಆಕ್ತಾರಂತೆ. ಅದೇ ಮದ್ದು. ಇನ್ನೂರು ಜನ ಐತೆ ಲೈನಿನಾಗೆ. ಓಗಾನಾ, ಬ್ಯಾಡ್ವಾ? ನೀನೇ ಏಳು."

ಬೇಡ ಎನ್ನುವುದು ಸುಲಭವಾಗಿತ್ತು. ಆದರೆ ಆ ಬೇಸಿಗೆಯಲ್ಲಿ ಉಣ್ಣೆಯಿಂದ ಬರುವ ಚುಕ್ಕೆ ಜ್ವರ ಇದೇ ಲೈನಿನಿಂದ ಏಳು ಜನರನ್ನು ಹೊತ್ತುಕೊಂಡು ಹೋಗಿತ್ತು. ಮದ್ದು ಸರಿಯಿದ್ದು ಇವನು ಬೇಡವೆಂದರೆ ಮುಂದಿನ ಬೇಸಿಗೆಯ ಹೆಣಗಳು ಇವನ ಲೆಕ್ಕಕ್ಕೆ. ಮದ್ದು ಕೆಟ್ಟಿದ್ದು ಇವನು ಸುಮ್ಮನಿದ್ದರೆ, ಬರುವ ವಾರದ ಹೆಣಗಳು.

"ನಾಲ್ಕಕ್ಕೆ ಮುಂಚೆ ಹೇಳಿ ಕಳಿಸ್ತೀನಿ," ಎಂದ.

"ನೀನು ಏಳಿದ್ರೆ ಓಯ್ತೀನಿ, ಇಲ್ಲಾಂದ್ರೆ ಇಲ್ಲ." ಪಾಪಕ್ಕ ಪಕ್ಕದ ಬಾಗಿಲುಗಳಿಗೂ ಕೇಳುವ ಹಾಗೆ ದನಿ ಏರಿಸಿದಳು. "ಬಾಯಿಗೆ ಬೆಟ್ಟು ಇಕ್ಕೋನಾದ್ರೂ ಸುಳ್ಳು ಏಳೋನಲ್ಲ."

ಹನ್ನೆರಡು ಗಂಟೆಯ ರೈಲು ಚಾಂಪಿಯನ್ ಸ್ಟೇಷನ್ ಬಿಟ್ಟಾಗ ಬಂಗಾರ ತೆಗೆದ ಕಲ್ಲಿನ ಪುಡಿ ಸುರಿದ ಸೈನೈಡ್ ದಿಬ್ಬಗಳು ಬಿಸಿಲಿಗೆ ಬಿಳಿಚಿಕೊಂಡು ನಿಂತಿದ್ದವು. ಗಾಲಿಗಳ ಸದ್ದಿನೊಳಗೆ ಆದಿನಾರಾಯಣನಿಗೆ ಒನಕೆಯ ಸದ್ದೇ ಕೇಳುತ್ತಿತ್ತು.

ಪೊಲೀಸಿಗೆ ಸೇರುವ ಮುಂಚೆ ಅವನು ಒಂಬತ್ತು ವರ್ಷ ಗಣಿಯ ಬಾಗಿಲಲ್ಲಿ ಮೇಲೆ ಬಂದವರ ಮೈ ತಡಕುವ ಕೆಲಸದಲ್ಲಿದ್ದ. ಹುಣ್ಣಿನ ಬಟ್ಟೆಯ ಒಳಗೆ, ಹಲ್ಲಿನ ಸಂದಿಯಲ್ಲಿ, ಒಬ್ಬನ ವಿಷಯದಲ್ಲಂತೂ ಗಾಯವನ್ನು ತಾನೇ ಕೊಯ್ದುಕೊಂಡು ಅದರ ಒಳಗೆ, ಬಂಗಾರ ಸಿಕ್ಕಿತ್ತು. ಆ ಕೆಲಸ ಕಲಿಸಿದ್ದು ಒಂದನ್ನೇ: ಎಲ್ಲರೂ ನೋಡಿ ಮುಗಿಸಿದ ಜಾಗವನ್ನು ಮತ್ತೊಮ್ಮೆ ನೋಡು.

ಎಲ್ಲರೂ ಉಣ್ಣೆ ಕಚ್ಚಿದ ಗುರುತನ್ನು ಹುಡುಕಿದ್ದರು. ತೋಳನ್ನು ಯಾರೂ ನೋಡಿರಲಿಲ್ಲ.

ಬಂಗಾರಪೇಟೆಯಲ್ಲಿ ಊರು ಮುಗಿದು ಬೂದಿಕೋಟೆ ರಸ್ತೆಯ ರಾಗಿ ಹೊಲಗಳು ಶುರುವಾಗುವ ಕಡೆ, ಯಾವನೋ ದೊರೆ ಕಟ್ಟಿಸಿ ಬಿಟ್ಟುಹೋದ ಹಳೇ ಬಂಗಲೆ. ಅದೇ ಸಂಶೋಧನಾ ಕೇಂದ್ರ. ಮೆಟ್ಟಿಲು ಹತ್ತುವಾಗಲೇ ಹಸಿ ಮೊಟ್ಟೆಯ ವಾಸನೆ, ಅದರ ಹಿಂದೆ ಮೂಗು ಸುಡುವ ಫಾರ್ಮಲಿನ್ ವಾಸನೆ.

"ಒಡೆದಿದೆ," ಎಂದರು ಡಾಕ್ಟರ್ ಶ್ರೀರಾಮಪ್ಪ, ತಿರುಗಿ ನೋಡದೆ.

ಕೇಂದ್ರ ಅವರದು. ನಲವತ್ತು ದಾಟದ ವಯಸ್ಸು, ರೈತರ ಮನೆಯ ಅಗಲ ಭುಜ, ನಿದ್ದೆಗೆಟ್ಟ ಕಣ್ಣು. ಕಿರುಬೆರಳಿನಷ್ಟು ಗಾಜಿನ ಕೊಳವೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. ತಿಳಿಯಾದ ನೀರಿನ ತಳದಲ್ಲಿ ಒಡೆದ ಹಾಲಿನ ಹಾಗೆ ಬಿಳಿ ಚೂರುಗಳು.

"ಕುಪ್ಪುಸ್ವಾಮಿದಾ?"

"ಸಾಯೋ ಹಿಂದಿನ ದಿನ ನರ್ಸ್ ವರಲಕ್ಷ್ಮಮ್ಮ ತೆಗೆದಿಟ್ಟಿದ್ದ ರಕ್ತ, ನೀವು ತಂದುಕೊಟ್ಟಿರಲ್ಲ, ಅದೇ. ಅದರ ತಿಳಿಗೆ ಒಂದು ಜಾತಿ ಕ್ರಿಮಿ ಬೆರೆಸಿ ನಿನ್ನೆಯಿಂದ ಬೆಚ್ಚಗಿಟ್ಟಿದ್ದೆ. ಬೆಳಗಿನ ಜಾವದಿಂದ ಈ ಕೋಣೆ ಬಿಟ್ಟು ಎದ್ದಿಲ್ಲ ನಾನು. ಉಣ್ಣೆ ಜ್ವರ ಅಲ್ಲದಿದ್ದರೆ ಹೀಗೆ ಒಡೀತಿರಲಿಲ್ಲ."

"ಮೊದಲನೇ ಸಲ ಒಡೆದಿರಲಿಲ್ಲ."

"ಅದು ಮೂರನೇ ದಿನದ ರಕ್ತ. ವಾರ ಕಳೆಯೋ ತನಕ ಈ ಪರೀಕ್ಷೆ ಬಾಯಿ ಬಿಡಲ್ಲ. ಗೊತ್ತಿದ್ದೂ ಅವಸರ ಮಾಡಿದೆ. ಟೈಫಾಯಿಡ್ ಅಂತ ಬರೆದದ್ದು ನನ್ನ ತಪ್ಪು. ಎಲ್ಲಿ ಬೇಕಾದರೂ ಹೇಳ್ತೀನಿ."

ತಪ್ಪನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವರನ್ನು ಕಂಡರೆ ಆದಿನಾರಾಯಣನಿಗೆ ಮೊದಲಿನಿಂದಲೂ ಅನುಮಾನ.

"ಹಾಗಾದ್ರೆ ಇವತ್ತಿನ ಸೂಜಿ ನಿಲ್ಲಿಸಿ."

"ಯಾಕೆ?" ಡಾಕ್ಟರು ಈಗ ತಿರುಗಿದರು. "ಲಸಿಕೆ ಹಿಡಿಯೋಕೆ ಮೂರು ವಾರ ಬೇಕು. ಅಷ್ಟರೊಳಗೆ ಅವನಿಗೆ ಎಲ್ಲೋ ಉಣ್ಣೆ ಕಚ್ಚಿದೆ. ಇದರಿಂದ ಲಸಿಕೆ ಬೇಗ ಹಾಕಬೇಕು ಅಂತ ತಾನೇ ಆಗೋದು? ಹದಿನಾಲ್ಕು ತಿಂಗಳು, ಇನ್ಸ್‌ಪೆಕ್ಟ್ರೇ. ಆ ಲೈನಿನ ಮನೆಮನೆಗೆ ಹೋಗಿ ಕಾಫಿ ಕುಡಿದು, ಬೈಸಿಕೊಂಡು, ಹದಿನಾಲ್ಕು ತಿಂಗಳಿಗೆ ಅವರು ತೋಳು ಚಾಚೋಕೆ ಒಪ್ಪಿದಾರೆ. ಇವತ್ತು ಬೇಡ ಅಂದ್ರೆ ಸಿಡುಬಿನ ಸೂಜಿಗೂ ಬರಲ್ಲ."

"ಉಣ್ಣೆ ಕಚ್ಚಿದ ಗುರುತು ಮೈಮೇಲೆ ಎಲ್ಲೂ ಇಲ್ಲ."

"ಯಾರು ಹೇಳಿದರು?"

"ಹೆಣ ತೊಳೆದವಳು. ಹಕ್ಕಳೆ ಇದ್ದದ್ದು ಒಂದೇ ಕಡೆ. ನೀವು ಸೂಜಿ ಚುಚ್ಚಿದ ಕಡೆ."

ಕೊಳವೆ ಹಿಡಿದ ಕೈ ನಿಧಾನವಾಗಿ ಕೆಳಗಿಳಿಯಿತು.

"ಆ ತೋಳನ್ನ ನೀವು ನೋಡಿದ್ರಾ ಡಾಕ್ಟ್ರೇ?"

"ಇಲ್ಲ. ಚಳಿ ಅಂತ ಕಂಬಳಿ ಹೊದ್ದಿದ್ದ. ಕೈ ಕಾಲು ನೋಡಿದೆ. ಶರ್ಟು ಬಿಚ್ಚಿಸಲಿಲ್ಲ."

ಹೊರಗೆ ಯಾರೋ ಕುಡುಗೋಲಿನಿಂದ ಹುಲ್ಲು ಕತ್ತರಿಸುವ ಸದ್ದು ಒಂದೇ ಸಮನೆ ಬರುತ್ತಿತ್ತು.

"ನೀವು ಏನು ಹೇಳ್ತಿದ್ದೀರಿ ಅಂತ ನಿಮಗೆ ಗೊತ್ತಾ?" ಡಾಕ್ಟರು ದನಿ ತಗ್ಗಿಸಿದರು. "ಉಣ್ಣೆಯ ಒಳಗಿನ ಕ್ರಿಮೀನ ಕಾವಿಗಿಟ್ಟ ಮೊಟ್ಟೆಯಲ್ಲಿ ಬೆಳೆಸ್ತೀವಿ. ಆಮೇಲೆ ಫಾರ್ಮಲಿನ್ ಹಾಕಿ ಸಾಯಿಸ್ತೀವಿ. ಸತ್ತ ಕ್ರಿಮಿಯೇ ಲಸಿಕೆ. ಅದು ಸಾಯದೆ ಉಳಿದಿತ್ತು, ಜೀವ ಇರೋ ರೋಗಾನೇ ನಾನು ಅವನ ತೋಳಿಗೆ ಚುಚ್ಚಿದೆ ಅಂತೀರಿ."

"ನಾನು ಅನ್ನಲಿಲ್ಲ. ನೀವಂದ್ರಿ."

"ಅದು ಆಗೋ ಮಾತಲ್ಲ. ಬನ್ನಿ, ತೋರಿಸ್ತೀನಿ."

ಬಂಗಲೆಯ ಹಿಂದಿನ ಕುದುರೆ ಲಾಯವೇ ಈಗ ಪ್ರಾಣಿಗಳ ಕೋಣೆ. ಒಳಗೆ ಅರೆಗತ್ತಲು, ಮೂತ್ರದ ಬಿಸಿ ನಾತ. ಪಂಜರಗಳ ಸಾಲಿನ ಕೊನೆಗೆ ಒಂದು ದೊಡ್ಡ ಪಂಜರ. ಮೇಲೆ ಸೀಮೆಸುಣ್ಣದಲ್ಲಿ 'ಬ್ಯಾಚ್ ೯' ಎಂದು ಬರೆದಿತ್ತು. ಅದರೊಳಗೆ ಆರು ಗಿನಿಪಿಗ್‌ಗಳು ಗರಿಕೆ ಹುಲ್ಲು ಮೆಲ್ಲುತ್ತಿದ್ದವು. ಗೋಡೆಯ ಮೇಲೆ ಆರು ಪಟ್ಟಿಗಳು.

"ಮದ್ದು ಹೊರಗೆ ಹೋಗೋ ಮುಂಚೆ ಅದನ್ನ ಈ ಆರಕ್ಕೆ ಚುಚ್ಚಿದ್ವಿ. ಕ್ರಿಮಿ ಒಂದಿಷ್ಟು ಜೀವಂತ ಇದ್ದರೂ ಐದಾರು ದಿನದಲ್ಲಿ ಇವಕ್ಕೆ ಜ್ವರ ಏರಬೇಕು. ಹದಿನಾಲ್ಕು ದಿನ ನಾನೇ ಉಷ್ಣ ನೋಡಿ ಬರೆದಿದ್ದೀನಿ. ಗೆರೆಗಳನ್ನ ನೋಡಿ."

ಆರು ಗೆರೆಗಳೂ ನೇರವಾಗಿದ್ದವು. ಎಲ್ಲೂ ಏರಿಲ್ಲ.

ಆದಿನಾರಾಯಣ ಗೆರೆಗಳನ್ನು ಬಿಟ್ಟು ಪಂಜರದ ಮುಂದೆ ಕುಕ್ಕರುಗಾಲಲ್ಲಿ ಕೂತ. ಹಳೆಯ ಅಭ್ಯಾಸ. ಬಾಗಿಲಲ್ಲಿ ನಿಂತ ಗಣಿಯಾಳನ್ನು ನೋಡುವ ಹಾಗೆ ಒಂದೊಂದನ್ನೇ ಮೂಗಿನಿಂದ ಬಾಲದವರೆಗೆ ನೋಡಿದ. ಬಾಲ ಇರಲಿಲ್ಲ. ಬೆನ್ನ ಮೇಲೆ ನೇರಳೆ ಬಣ್ಣದ ಮಚ್ಚೆ ಇತ್ತು. ಕಣ್ಣು, ಹಲ್ಲು, ಪಂಜ.

ಕಿವಿ.

"ಇದು ನಿಮ್ಮ ಗುರುತಾ?"

"ಯಾವುದು? ನಮ್ಮ ಗುರುತು ಬೆನ್ನ ಮೇಲಿನ ಬಣ್ಣ."

"ಎಡಗಿವಿ ತುದಿ ಸೀಳಿದೆ. ಅಕ್ಕಿಕಾಳಿನಷ್ಟು."

ಡಾಕ್ಟರು ಬಗ್ಗಿದರು. "ಕಚ್ಚಾಡಿಕೊಂಡಿರಬೇಕು."

"ಆರೂ? ಒಂದೇ ಕಿವೀಗೆ, ಒಂದೇ ಜಾಗದಲ್ಲಿ?"

ಹೊರಗೆ ಕುಡುಗೋಲಿನ ಸದ್ದು ನಿಂತಿತು.

"ಚಿಕ್ಕಮುನಿಯಪ್ಪಾ," ಡಾಕ್ಟರು ಕೂಗಿದರು. "ಬಾ ಇಲ್ಲಿ."

"ಮೇವು ಕೊಯ್ತಾ ಇವ್ನಿ ಸೋಮಿ."

"ನಿಲ್ಲಿಸಿದ್ದೀಯಲ್ಲ," ಎಂದ ಆದಿನಾರಾಯಣ. "ಬಾ."

ಬಾಗಿಲ ಬೆಳಕಿಗೆ ಅಡ್ಡವಾಗಿ ಬಂದವನು ಅರವತ್ತರ ಮುದುಕ. ಬೂದಿಕೋಟೆ ಕಡೆ ಕುರಿ ಮೇಯಿಸಿಕೊಂಡಿದ್ದವನನ್ನು, ಪ್ರಾಣಿ ಸಾಕುವ ಕೈ ಚೆನ್ನಾಗಿದೆಯೆಂದು ಡಾಕ್ಟರೇ ಕರೆತಂದು ಕೆಲಸಕ್ಕಿಟ್ಟುಕೊಂಡಿದ್ದರು. ಕುಡುಗೋಲು ಕೈಯಲ್ಲೇ ಇತ್ತು. ಆದಿನಾರಾಯಣ ಅದನ್ನು ಮೆಲ್ಲಗೆ ತೆಗೆದುಕೊಂಡು ಕಿಟಕಿಯ ಮೇಲಿಟ್ಟ.

"ಈ ಸೀಳು ಯಾರದು?"

"ಯಾವ ಸೀಳು ಸೋಮಿ?"

"ನಮ್ಮಪ್ಪನೂ ಕುರಿ ಸಾಕಿದೋನೇ. ಸಂತೇಲಿ ಕದ್ದ ಕುರೀನ ಕಿವಿ ನೋಡೇ ಹಿಡೀತಿದ್ದ. ಹೇಳು."

ಮುದುಕ ಪಂಜರದ ಕಡೆ ನೋಡಿದ. ಆಮೇಲೆ ತನ್ನ ಕಾಲಿನ ಕಡೆ.

"ನಂದೇ."

"ಯಾಕೆ ಸೀಳಿದೆ?"

"ಕುರೀಗೆ ರೋಗ ಬಂದ್ರೆ ಮಂದೆ ಮಂದೇನೇ ಮಲಗ್ತದೆ ಸೋಮಿ. ಅದ್ರಾಗೆ ಒಂದೋ ಎರಡೋ ಎದ್ದು ನಿಂತ್ಕೊಂತವೆ. ಅದುನ್ನ 'ಅಮ್ಮ ಮುಟ್ಟಿ ಬಿಟ್ಟಿದ್ದು' ಅಂತೀವಿ ನಮ್ಮನೇಲಿ. ಕಿವಿ ಸೀಳಿ ಊರದೇವ್ರು ಸಪ್ಪಲಮ್ಮನ ಹೆಸರ ಮ್ಯಾಲೆ ಬಿಟ್ಬುಡ್ತೀವಿ. ಮಾರಲ್ಲ, ಕೊಯ್ಯಲ್ಲ. ಅದುಕ್ಕೆ ಕತ್ತಿ ಇಕ್ಕಿದ್ರೆ ಮನೇಲಿ ಒಂದು ತಲೆ ಓಯ್ತದೆ."

"ಇವು ಕುರಿ ಅಲ್ಲ ಕಣಯ್ಯ!"

"ಸೀಮೆ ಇಲಿ. ಆದ್ರೇನು? ಅಮ್ಮನಿಗೆ ಸೀಮೆ ಬ್ಯಾರೆ, ನಾಡು ಬ್ಯಾರೆನಾ?"

ಡಾಕ್ಟರ ಮುಖದ ಬಣ್ಣ ಇಳಿಯುತ್ತಿತ್ತು. "ಜ್ವರ ಬಂದು ಗುಣ ಆದವನ್ನೆಲ್ಲ ಸಾಯಿಸಿ ಒಲೆಗೆ ಹಾಕು ಅಂದಿದ್ದೆ ನಾನು. ಪ್ರತಿ ಸಲವೂ ಹೇಳಿದ್ದೆ. ನೀನು ಚೀಲ ಹೊತ್ತುಕೊಂಡು ಹೋಗೋದನ್ನ ನಾನೇ ನೋಡಿದ್ದೀನಿ."

"ಚೀಲ ಆಕ್ತಿದ್ದೆ ಸೋಮಿ. ಚೀಲದಾಗೆ ಸತ್ತವು ಮಾತ್ರ ಇರ್ತಿದ್ವು."

ಡಾಕ್ಟರು ಹುಲ್ಲಿನ ಮಂಕರಿಯನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟರು.

"ನನಗೂ ಅರ್ಥ ಆಗೋ ಹಾಗೆ ಹೇಳಿ," ಎಂದ ಆದಿನಾರಾಯಣ.

"ಒಂದು ಸಲ ಈ ಜ್ವರ ಬಂದು ಉಳಿದ ಪ್ರಾಣಿಗೆ ಮತ್ತೆ ಅದು ಬರಲ್ಲ." ಡಾಕ್ಟರು ಗೋಡೆಯ ಪಟ್ಟಿಗಳನ್ನು ನೋಡುತ್ತ ಮಾತಾಡುತ್ತಿದ್ದರು. "ಇವಕ್ಕೆ ಮದ್ದೇನು, ಉಣ್ಣೆಗಳನ್ನೇ ಅರೆದು ಚುಚ್ಚಿದ್ದರೂ ಗೆರೆ ನೇರವಾಗೇ ಇರ್ತಿತ್ತು. ಹದಿನಾಲ್ಕು ದಿನ ನಾನು ಬರೆದದ್ದಕ್ಕೆ ಏನೂ ಅರ್ಥ ಇಲ್ಲ. ಬ್ಯಾಚ್ ಒಂಬತ್ತನ್ನ ಯಾರೂ ಪರೀಕ್ಷೇನೇ ಮಾಡಿಲ್ಲ."

"ಅದು ನಂಗೂ ಗೊತ್ತು ಸೋಮಿ," ಎಂದ ಮುದುಕ, ಸಮಾಧಾನ ಹೇಳುವವನ ಹಾಗೆ. "ಅಮ್ಮ ಒಂದೇ ಬಾಗ್ಲಿಗೆ ಎರಡು ಸಲ ಬರಲ್ಲ."

ಡಾಕ್ಟರು ಎದ್ದ ರಭಸಕ್ಕೆ ಮಂಕರಿ ಉರುಳಿತು. ಮುದುಕನ ಎರಡೂ ರಟ್ಟೆ ಹಿಡಿದು ಗೋಡೆಗೆ ಒತ್ತಿದರು. ಮದರಾಸಿನಲ್ಲಿ ಓದಿ ಕಲಿತ ಮಾತೆಲ್ಲ ಒಂದೇ ಏಟಿಗೆ ಕಳಚಿಬಿತ್ತು.

"ಗೊತ್ತಿದ್ದೂ ಈ ಪಂಜರಕ್ಕೆ ಇಕ್ಕಿದ್ಯೇನ್ಲಾ? ಒಂದು ಜೀವ ಓಯ್ತಲ್ಲೋ! ನನ್ನ ಕೈಯಾಗೇ ಓಯ್ತಲ್ಲೋ!"

"ನಾನು ಇಕ್ಕಿಲ್ಲ!"

"ಮತ್ತೆ ತಾವೇ ನಡ್ಕೊಂಡು ಬಂದ್ವಾ?"

"ಸಪ್ಪಲಮ್ಮನಾಣೆ ಸೋಮಿ, ನಾನು ಇಕ್ಕಿಲ್ಲ. ನಮ್ಮನೇಲಿ ಕುಕ್ಕೆ ಕೆಳಗೆ ಸಾಕ್ಕೊಂಡಿದ್ದೆ, ಹನ್ನೊಂದು ಇದ್ವು. ಆರು ಇಸ್ಕೊಂಡೋದ್ರು. ಬಣ್ಣ ಬಳ್ದು ಇಲ್ಲಿ ಬಿಟ್ಟವ್ರೆ ಅಂತ ಆಮ್ಯಾಕೆ ಗೊತ್ತಾಯ್ತು. ಏಳಿದ್ರೆ ನನ್ನ ಕಳ್ಳತನಾನೂ ಈಚೆ ಬತ್ತದಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ."

ಆದಿನಾರಾಯಣ ಡಾಕ್ಟರ ಭುಜದ ಮೇಲೆ ಕೈಯಿಟ್ಟ. ಅವರು ಹಿಡಿತ ಬಿಟ್ಟರು.

"ಯಾರು ಇಸ್ಕೊಂಡೋದೋರು?"

ಮುದುಕ ತುಟಿ ಬಿಗಿದ. "ಸತ್ತೋರ ಮ್ಯಾಲೆ ಏಳ್ಬಾರ್ದು."

ಅಷ್ಟೇ ಸಾಕಾಗಿತ್ತು.

"ಕುಪ್ಪುಸ್ವಾಮಿನಾ?" ಎಂದರು ಡಾಕ್ಟರು. "ಎಲ್ಲರಿಗಿಂತ ಮೊದಲು ನನಗೇ ಹಾಕಿ ಸಾರ್ ಅಂತ ತಾನಾಗೇ ತೋಳು ಚಾಚಿದನಲ್ಲ ಅವನು! ನಗ್ತಾ ಚಾಚಿದ."

"ಆಷಾಡದಾಗೆ ಬಂದಿದ್ದ," ಎಂದ ಚಿಕ್ಕಮುನಿಯಪ್ಪ. "'ಮಾವ, ಅಮ್ಮ ಬಿಟ್ಟವು ಆರು ಬೇಕು' ಅಂದ. 'ಯಾಕ್ಲಾ' ಅಂದೆ. 'ಅವು ಕಾವಲಿದ್ರೆ ಮದ್ದು ಕೆಡಲ್ಲ, ದೊಡ್ಡೋರು ಏಳವ್ರೆ, ಜಾಸ್ತಿ ಕೇಳ್ಬ್ಯಾಡ' ಅಂದ. ಅವನೂ ಅಮ್ಮನ ಒಕ್ಕಲೇ. ನಂಬ್ದೆ. ಅವನೂ ನಂಬಿದ್ದ ಸೋಮಿ."

ನಂಬಿದ್ದರಿಂದಲೇ ನಗುತ್ತ ಚಾಚಿದ್ದ. ಆದಿನಾರಾಯಣನಿಗೆ ಆ ನಗುವಿನ ತೋಳು ಕಣ್ಣ ಮುಂದೆ ಬಂತು, ಅದರ ಮೇಲೆ ಬೀಡಿ ಒತ್ತಿದಂಥ ಕಪ್ಪು ಕಲೆ. ಯಾರೋ ಒಬ್ಬರು ಆ ನಂಬಿಕೆಯನ್ನು ಸೂಜಿಯ ಹಾಗೆ ಹಿಡಿದು ಬಳಸಿದ್ದರು.

"ದೊಡ್ಡೋರು ಅಂದ್ರೆ ಯಾರು?"

"ಕಾಣ್ಲಿಲ್ಲ. ಬೀದಿ ತಿರುವಿನಾಗೆ ಜೀಪು ನಿಂತಿತ್ತು. ಒಳಗೆ ಕುಂತಿದ್ರು, ಇಳೀಲಿಲ್ಲ."

"ಯಾರ ಜೀಪು?"

ಮುದುಕ ಡಾಕ್ಟರ ಕಡೆ ನೋಡಲು ಅಂಜಿ ಪಂಜರದ ಕಡೆ ನೋಡಿದ. "ನಮ್ದೇ. ಇಲ್ಲೀದೇ."

ಬಿಸಿಲು ಬಾಗಿಲಿನಿಂದ ಒಂದು ಗೇಣು ಒಳಗೆ ಬಂದಿತ್ತು. ಆದಿನಾರಾಯಣ ಗಡಿಯಾರ ನೋಡಿದ. ಎರಡೂ ಹತ್ತು.

"ಡಾಕ್ಟ್ರೇ, ಒಂದು ಪ್ರಶ್ನೆ. ಗುಣವಾದ ಪ್ರಾಣಿಗೆ ಜ್ವರ ಏರಲ್ಲ ಅಂತ ಗೊತ್ತಿರಬೇಕು. ಆರು ಗೆರೆ ನೇರ ಬಂದರೆ ಮದ್ದು ಹೊರಗೆ ಹೋಗತ್ತೆ ಅಂತಲೂ ಗೊತ್ತಿರಬೇಕು. ಈ ಕೇಂದ್ರದಲ್ಲಿ ಎರಡೂ ಗೊತ್ತಿರೋರು ಎಷ್ಟು ಜನ?"

"ಒಬ್ಬ," ಎಂದರು. "ನಾನು."

"ಆ ಬ್ಯಾಚಿನ ಸೂಜಿ ನೀವು ಹಾಕಿಸಿಕೊಂಡಿದ್ರಾ?"

"ಇಲ್ಲ. ನನ್ನದು ಆರನೇ ಬ್ಯಾಚು. ಇದರಲ್ಲಿ ಮೊದಲು ಹಾಕಿದ್ದು ಅವನಿಗೇ."

"ಜೀಪಿನ ಕೀಲಿ?"

"ನನ್ನ ಮೇಜಿನ ಹಿಂದೆ, ಮೊಳೆಯಲ್ಲಿ. ಡ್ರೈವರ್ ರಜಾ ಮೇಲಿದ್ದಾನೆ. ಎರಡು ದಿನದಿಂದ ಯಾರೂ ಮುಟ್ಟಿಲ್ಲ."

ಮೂವರೂ ಒಳಗೆ ಹೋದರು. ಮೊಳೆ ಇತ್ತು. ಕೀಲಿ ಇರಲಿಲ್ಲ. ಡಾಕ್ಟರು ಓಡಿಹೋಗಿ ಪಕ್ಕದ ಷೆಡ್ಡಿನ ಬಾಗಿಲು ತಳ್ಳಿದರು. ನೆಲದ ಮೇಲೆ ಒಂದಿಷ್ಟು ಎಣ್ಣೆಯ ಕಲೆ, ಮಣ್ಣಿನಲ್ಲಿ ಹೊಸ ಗಾಲಿ ಗುರುತು. ಮೂಲೆಯಲ್ಲಿ ಮಲಗಿದ್ದ ಕೋಳಿ ಎದ್ದು ಬೈಯುತ್ತ ಹೊರಗೆ ಹೋಯಿತು.

"ನಿನ್ನೆ ಸಾಯಂಕಾಲ ಇತ್ತು." ಡಾಕ್ಟರು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು. "ನೀವು ಬರೋ ತನಕ ಮೊಟ್ಟೆ ಕೋಣೆಯ ಫ್ಯಾನು ಹಾಕಿದ್ದೆ, ಹೊರಗಿನ ಸದ್ದು ಕೇಳಲ್ಲ. ಬೆಳಗಿನಿಂದ ನಾನು ಅಲ್ಲೇ..."

"ಮದ್ದು ಎಲ್ಲಿದೆ?"

"ಶನಿವಾರವೇ ಹೋಯ್ತು. ಚಾಂಪಿಯನ್ ರೀಫ್ಸ್ ಆಸ್ಪತ್ರೆಯಲ್ಲಿ, ವರಲಕ್ಷ್ಮಮ್ಮನ ಐಸ್ ಪೆಟ್ಟಿಗೆಯಲ್ಲಿದೆ."

ಈ ಸಲ ಡಾಕ್ಟರು ವಾದ ಮಾಡಲಿಲ್ಲ. ಮೇಜಿನ ಮುಂದೆ ನಿಂತುಕೊಂಡೇ ಒಂದು ಕಾಗದದ ಮೇಲೆ ಬರೆದು ಸಹಿ ಹಾಕಿದರು: ಬ್ಯಾಚ್ ಒಂಬತ್ತನ್ನು ಯಾರಿಗೂ ಕೊಡಕೂಡದು.

"ಜ್ವರ ಏರೋ ಮುಂಚೆ ಗುಳಿಗೆ ಶುರು ಮಾಡಿದರೆ ಸೂಜಿ ಬಿದ್ದವರನ್ನೂ ಉಳಿಸಬಹುದು," ಎಂದರು, ಕೇಳದೇ ಇದ್ದದ್ದಕ್ಕೆ ಉತ್ತರ ಕೊಡುವವರ ಹಾಗೆ. "ನನ್ನ ಬೀರುವಿನಲ್ಲಿ ಇರೋದು ಹತ್ತು ಜನಕ್ಕೆ ಆಗುವಷ್ಟು. ಮದರಾಸಿನಿಂದ ತರಿಸಬೇಕಂದ್ರೆ ವಾರ ಬೇಕು."

"ಯಾರಿಗೂ ಹಾಕಿಲ್ಲವಲ್ಲ ಇನ್ನೂ. ನಾಲ್ಕಕ್ಕೆ ಬೇಕಾದಷ್ಟು ಹೊತ್ತಿದೆ."

ಆದಿನಾರಾಯಣ ಟೆಲಿಫೋನಿನ ಹಿಡಿ ತಿರುಗಿಸಿದ. ಎಕ್ಸ್‌ಚೇಂಜಿನವನು ಊಟ ಮುಗಿಸಿ ಬಂದ ದನಿಯಲ್ಲಿ ಲೈನು ಖಾಲಿ ಇಲ್ಲ ಎಂದ. ಮತ್ತೆ ತಿರುಗಿಸಿದ. ಖಾಲಿ ಇಲ್ಲ. ಪೊಲೀಸು ಎಂದು ಬೈದ ಮೇಲೆ ಸಿಕ್ಕಿತು. ಆ ಹೊತ್ತಿಗೆ ಎರಡೂ ಮುಕ್ಕಾಲು.

"ಚಾಂಪಿಯನ್ ರೀಫ್ಸ್ ಆಸ್ಪತ್ರೆ," ಎಂದಿತು ಹೆಂಗಸಿನ ದನಿ. ಹಿಂದೆ ಜನರ ಗಲಾಟೆ, ಮಗುವಿನ ಅಳು.

"ವರಲಕ್ಷ್ಮಮ್ಮನಾ? ನಾನು ಆದಿನಾರಾಯಣ. ಐಸ್ ಪೆಟ್ಟಿಗೆಯ ಮದ್ದು ಮುಟ್ಟಬೇಡಿ. ಡಾಕ್ಟರ ಆರ್ಡರು ನನ್ನ ಕೈಯಲ್ಲಿದೆ. ಒಬ್ಬರಿಗೂ ಹಾಕಬೇಡಿ."

"ಸಾರ್... ಹದಿನೇಳು ಜನಕ್ಕೆ ಹಾಕಿ ಆಯ್ತು."

"ನಾಲ್ಕು ಗಂಟೆಗೆ ಅಂತಲ್ವಾ ಇದ್ದದ್ದು?"

"ನೀವೇ ತಾನೇ ಚೀಟಿ ಕಳಿಸಿದ್ದು? ಮದ್ದು ಸರಿಯಾಗಿದೆ, ನಾಲ್ಕರವರೆಗೆ ಕಾಯಬೇಡಿ, ಈಗಲೇ ಶುರು ಮಾಡಿ ಅಂತ. ಪೊಲೀಸ್ ಕಾಗದದಲ್ಲೇ ಬರೆದಿದೆ ಸಾರ್. ಲೈನಿನಲ್ಲಿ ಓದಿ ಹೇಳಿಸಿದ್ವಿ. ನೀವು ಹೇಳಿದ್ರಿ ಅಂತಲೇ ಜನ ಬಂದ್ರು, ಇಲ್ಲಾಂದ್ರೆ ಒಬ್ಬರೂ ಬರ್ತಿರಲಿಲ್ಲ."

ಡಾಕ್ಟರು ಕಣ್ಣಲ್ಲೇ ಎಷ್ಟು ಎಂದು ಕೇಳಿದರು. ಆದಿನಾರಾಯಣ ಫೋನಿನ ಕಡೆ ತಿರುಗಿದ.

"ಆ ಚೀಟಿ ನಂದಲ್ಲ. ತಂದುಕೊಟ್ಟವರು ಯಾರು?"

"ಜೀಪಿನಲ್ಲಿ ಬಂದರಲ್ಲ ಸಾರ್, ಅವರು. ಇಲ್ಲೇ ನನ್ನ ಪಕ್ಕದಲ್ಲೇ ನಿಂತಿದಾರೆ. ನಿಮ್ಮವರು ಅಂದರು." ಅವಳ ದನಿ ದೂರ ಹೋಯಿತು, ಯಾರೊಂದಿಗೋ ಏನೋ ಮಾತಾಡಿದಳು. ಮತ್ತೆ ಹತ್ತಿರ ಬಂತು. ಈಗ ಅದರಲ್ಲಿ ಹೆದರಿಕೆಗಿಂತ ಗೊಂದಲ ಜಾಸ್ತಿ ಇತ್ತು. "ಫೋನ್ ಕೊಡು ಅಂತಿದಾರೆ. ಕೊಡ್ಲಾ?"

ಅವನ ಉತ್ತರಕ್ಕೆ ಅವಳು ಕಾಯಲಿಲ್ಲ. ರಿಸೀವರು ಕೈ ಬದಲಾದ ಸದ್ದು. ಉಂಗುರವೋ ಬಳೆಯೋ ಗೊತ್ತಾಗದ ಹಾಗೆ ಏನೋ ಒಂದು ಅದಕ್ಕೆ ತಾಕಿತು. ಆಮೇಲೆ ನಿಧಾನವಾಗಿ, ಅಡಿಗೆಮನೆಯಿಂದ ಕೂಗಿ ಕೇಳುವಷ್ಟು ಸಹಜವಾಗಿ:

"ನಾಣೀ, ಊಟ ಆಯ್ತೇನೋ?"

ಆ ಹೆಸರಿನಿಂದ ಅವನನ್ನು ಕರೆಯುತ್ತಿದ್ದವರು ಈ ಲೋಕದಲ್ಲಿ ಇಬ್ಬರೇ. ಒಬ್ಬಳು ಅವನ ತಾಯಿ. ಸತ್ತು ಎಂಟು ವರ್ಷವಾಗಿತ್ತು. ಇನ್ನೊಬ್ಬರು ಅವನ ಮನೆಯಲ್ಲೇ, ಪೊಲೀಸ್ ಕಾಗದ ಇರುವ ಅವನ ಮೇಜಿನ ಪಕ್ಕದಲ್ಲೇ ಉಂಡು ಮಲಗುವವರು.

"ನಿಲ್ಲಿಸು," ಎಂದ. ಮತ್ತೆ ಎಂದ. "ನಿಲ್ಲಿಸು ಅದನ್ನ."

ರಿಸೀವರನ್ನು ಮೇಜಿನ ಮೇಲೆ ಹುಷಾರಾಗಿ ಮಲಗಿಸಿದ ಸದ್ದಾಯಿತು. ಅದರಾಚೆ ಆಸ್ಪತ್ರೆಯ ಜಗಲಿ, ಜನರ ಗುಜುಗುಜು, ಮಗುವಿನ ಅಳು. ಅವೆಲ್ಲದರ ಮೇಲೆ ಅದೇ ದನಿ, ಈಗ ಗಟ್ಟಿಯಾಗಿ, ಸಾಲಿನಲ್ಲಿ ನಿಂತವರನ್ನು ಕರೆಯಿತು:

"ಹದಿನೆಂಟು!"